ಊರಿಗೆ ಹೋಗುವಾಗ ಮನೆಯ ಬೆಕ್ಕಿನ ಏರ್ಪಾಡು

ಮುಂಗಾರಿನ ಮೊದಲ ಮೋಡ ಕಂಡಿತೆಂದರೆ, ಹೊಟ್ಟೆಪಾಡಿಗೆಂದು ಗಡಿಯಾಚೆ ಬಂದು ನೆಲೆಸಿದ ನಮ್ಮಂಥವರ ಮನಸ್ಸು ಊರ ಕಡೆಗೆ ಎಳೆಯುವುದು ಸಹಜ. ಎರಡೆಕರೆಯೇ ಇರಲಿ, ಹತ್ತು ಗುಂಟೆಯೇ ಇರಲಿ, ಕೂರಿಗೆ ಹೂಡುವ ದಿನ ಹೊಲದ ಬದುವಿನ ಮೇಲೆ ನಿಲ್ಲದವನು ಅದನ್ನು ತನ್ನ ಹೊಲವೆಂದು ಹೇಳಿಕೊಳ್ಳುವುದಾದರೂ ಹೇಗೆ? ಹೀಗಾಗಿ ಶನಿವಾರ ಸಂಜೆ ಬಸ್ಸೋ ರೈಲೋ ಹಿಡಿದು ಹೋಗಿ, ಒಂದು ರಾತ್ರಿ ಊರಲ್ಲಿದ್ದು, ಭಾನುವಾರ ರಾತ್ರಿಯೊಳಗೆ ತಿರುಗಿ ಬರುವ ಪರಿಪಾಠ ನಮ್ಮಲ್ಲಿ ಅನೇಕರಿಗೆ ಇದೆ. ಹೊರಡುವಾಗ ಬೀಗ ಹಾಕಿದೆವೇ, ಗ್ಯಾಸಿನ ಗುಂಡಿ ತಿರುವಿದೆವೇ ಎಂದು ಎರಡೆರಡು ಸಲ ನೋಡುವೆವು. ಮರೆತು ಹೋಗುವುದು ಮಾತ್ರ ಒಲೆಯ ಮಗ್ಗುಲಲ್ಲಿ ಮಲಗಿರುವ ಬೆಕ್ಕು.

ಒಕ್ಕಲುತನದ ಪುಟದಲ್ಲಿ ಬೆಕ್ಕಿನ ಮಾತೇಕೆಂದು ಕೆಲವು ಹಿರಿಯರು ನಗಬಹುದು. ಎತ್ತಿಗೆ ಕಾಲುಬಾಯಿ ಬೇನೆ ಬಂದರೆ ಬರೆಯಲಿ, ಭತ್ತಕ್ಕೆ ಬೆಂಕಿರೋಗ ಬಿದ್ದರೆ ಬರೆಯಲಿ, ಬೆಕ್ಕು ತನ್ನ ಹೊಟ್ಟೆ ತಾನೇ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಎರಡು ಸಲ ಪೆಟ್ಟು ತಿಂದ ಮೇಲೆ ತಿಳಿವಳಿಕೆ ಬಂತು. ಆ ಪೆಟ್ಟು ಓದುಗರಿಗೆ ಬೀಳದಿರಲೆಂದು ಈ ನಾಲ್ಕು ಮಾತು.

ನಾವಿರುವುದು ಗೋವೆಯ ಮಡಗಾಂವ ಪೇಟೆಯ ಮಗ್ಗುಲಿನ ಮೋತಿ ಡೊಂಗರದ ಮೇಲೆ. ಹೆಸರಿಗೆ ಡೊಂಗರ, ಇರುವುದು ಒಂದು ಗುಡ್ಡ. ಮನೆಗೆ ಮನೆ ತಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮನೆಗಳು ಇಲ್ಲಿ ಬಹಳ. ಹೊಲ ಬಿಟ್ಟು ಬಂದರೂ ಹೊಲದ ಕಾಳು ಬಿಡಲಾರದವರು ನಾವು. ಸುಗ್ಗಿ ಮುಗಿದೊಡನೆ ಜೋಳದ ಚೀಲ, ಅಕ್ಕಿಯ ಚೀಲ, ಶೇಂಗಾ, ಮೆಣಸಿನಕಾಯಿ ಎಲ್ಲವೂ ಬಸ್ಸಿನ ತಲೆಯ ಮೇಲೆ ಏರಿ ಇಲ್ಲಿಗೆ ಬರುತ್ತವೆ. ಇಲ್ಲಿಯ ಗೋವೆಗರದೂ ಅದೇ ರೀತಿ. ಮೇ ತಿಂಗಳ ಕೊನೆಗೆ ಮಡಗಾಂವದಲ್ಲಿ ಪುರುಮೆಂತದ ಪೇಟೆ ನೆರೆಯುವುದು. ಮಳೆಗಾಲಕ್ಕೆ ಬೇಕಾದ ಒಣಮೀನು, ಮೆಣಸಿನಕಾಯಿ, ಹುಣಿಸೆಹಣ್ಣು ಕೊಂಡು ಮನೆ ತುಂಬಿಕೊಳ್ಳುವರು. ಗುಡ್ಡದ ಪ್ರತಿ ಮನೆಯಲ್ಲಿಯೂ ದವಸ ತುಂಬಿದ ಹೊತ್ತಿಗೆ ಸರಿಯಾಗಿ ಮಳೆ ಬಿದ್ದು, ಗಟಾರದ ಬಿಲಗಳಿಗೆ ನೀರು ನುಗ್ಗಿ, ಇಲಿಗಳೆಲ್ಲ ಮೇಲೇರಿ ಬರುವವು. ನಾವು ಬಿತ್ತನೆಗೆಂದು ಬಾಗಿಲು ಹಾಕಿಕೊಂಡು ಹೊರಡುವುದೂ ಆ ದಿನಗಳಲ್ಲಿಯೇ. ಇದಕ್ಕಿಂತ ಅನುಕೂಲ ಇಲಿಗೆ ಬೇರೆ ಬೇಕೆ?

ಇಲಿಯ ಲೆಕ್ಕ ಬಲ್ಲವರಿಗೆ ಬೆಕ್ಕಿನ ಬೆಲೆ ತಿಳಿದೀತು. ಹೆಣ್ಣಿಲಿ ಗರ್ಭ ಹೊರುವುದು ಮೂರು ವಾರ ಮಾತ್ರ. ಒಂದು ಸೂಲಿಗೆ ಆರೆಂಟು ಮರಿ. ಅದು ತಿನ್ನುವುದಕ್ಕಿಂತ ಹೊಲಸು ಮಾಡಿ ಕೆಡಿಸುವುದೇ ಹೆಚ್ಚು. ಮೇಲಾಗಿ ಅದರ ಉಚ್ಚೆಯಿಂದ ಇಲಿಜ್ವರ ಬರುವುದುಂಟು. ಕರಾವಳಿಯ ಮಳೆಗಾಲದಲ್ಲಿ ಅದು ಸಣ್ಣ ಬೇನೆಯಲ್ಲ. ಬೆಕ್ಕೊಂದೇ ಇಲಿಯನ್ನೆಲ್ಲ ಮುಗಿಸುತ್ತದೆಂದು ನಾವು ಹೇಳುವುದಿಲ್ಲ. ಬಲಿತ ಹೆಗ್ಗಣದ ತಂಟೆಗೆ ಅನೇಕ ಬೆಕ್ಕುಗಳು ಹೋಗುವುದೇ ಇಲ್ಲ. ಆದರೆ ಬೆಕ್ಕು ಓಡಾಡುವ ಕೋಣೆಯಲ್ಲಿ ಇಲಿ ಬಿಡಾರ ಹೂಡಲು ಹಿಂದೆಮುಂದೆ ನೋಡುವುದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಎಲುಬು ಸಿಕ್ಕಿದ ಸಂಗತಿ 2004ರಲ್ಲಿ ಪ್ರಕಟವಾಯಿತು. ಮನುಷ್ಯ ಕಾಳು ಕೂಡಿಡಲು ಕಲಿತಂದಿನಿಂದ ಈ ನಂಟು ಇದೆ ಎನ್ನಬೇಕು.

ಇನ್ನು ನಮ್ಮ ತಪ್ಪಿನ ಕಥೆ. ಮೊದಲು ನಮ್ಮಲ್ಲಿದ್ದುದು ಬೂದು ಬಣ್ಣದ ಗಂಡುಬೆಕ್ಕು. ಆಗ ಊರಲ್ಲಿ ಮದುವೆ. ಬೆಕ್ಕನ್ನು ಯಾರ ವಶಕ್ಕೆ ಕೊಡುವುದೆಂದು ಯೋಚಿಸಿ, ಪೇಟೆಯ ಆಚೆ ತುದಿಯಲ್ಲಿದ್ದ ಗೆಳೆಯರ ಮನೆಗೆ ಗೋಣಿಚೀಲದಲ್ಲಿ ಹಾಕಿಕೊಂಡು ಹೋದೆವು. ಅವರು ಸಜ್ಜನರು. ಹಾಲು ಇಟ್ಟರು, ಹಾಸಿಗೆ ಹಾಸಿದರು. ರಾತ್ರಿ ಯಾರೋ ಹಿತ್ತಲ ಬಾಗಿಲು ತೆರೆದುದೇ ತಡ, ಬೆಕ್ಕು ಕತ್ತಲಲ್ಲಿ ಮಾಯವಾಯಿತು. ಊರಿಂದ ಬಂದು ವಾರವಿಡೀ ಹುಡುಕಿದೆವು. ಸಿಗಲಿಲ್ಲ. ಆಗ ಮೂರನೆಯ ಇಯತ್ತೆಯಲ್ಲಿದ್ದ ನಮ್ಮ ಮಗಳು ಒಂದು ತಿಂಗಳು ದಿನಾಲು ಸಂಜೆ ಮೆಟ್ಟಿಲ ಮೇಲೆ ಬಟ್ಟಲು ಇಟ್ಟು ಬರುತ್ತಿದ್ದಳು. ಬೆಳಗಿಗೆ ಅದು ಬರಿದಾಗಿರುತ್ತಿತ್ತು. ಕುಡಿದದ್ದು ಯಾವ ಬೆಕ್ಕೋ, ಯಾವ ನಾಯಿಯೋ. ನಾವು ಅವಳಿಗೆ ಹೇಳಲಿಲ್ಲ.

ನಾಯಿ ಮನುಷ್ಯನ ಬೆನ್ನು ಹತ್ತುವುದು, ಬೆಕ್ಕು ಜಾಗವನ್ನು ಹಿಡಿಯುವುದು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಬೇಡವಾದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಹಳ್ಳದಾಚೆ ಬಿಟ್ಟು ಬಂದವರಿಗಿಂತ ಮೊದಲೇ ಅದು ಮನೆ ಸೇರಿದ ಕಥೆ ಎಲ್ಲ ಊರಲ್ಲಿಯೂ ಉಂಟು. ಬೆಕ್ಕಿಗೆ ತಾನಿರುವ ಜಾಗದ ವಾಸನೆಯೇ ಧೈರ್ಯ. ಹೊಸ ಮನೆಗೆ ಹೊಂದಿಕೊಳ್ಳಬೇಕಾದರೆ ಎರಡು ಮೂರು ವಾರವಾದರೂ ಒಳಗೆ ಕೂಡಿಹಾಕಿ ರೂಢಿ ಮಾಡಿಸಬೇಕು. ಒಂದು ರಾತ್ರಿಯ ಸಲುವಾಗಿ ಅದನ್ನು ಎತ್ತಿಕೊಂಡು ಹೋಗುವುದು, ಕಳೆದುಕೊಳ್ಳಲು ನಾವೇ ದಾರಿ ಮಾಡಿದಂತೆ. ಬೆಕ್ಕನ್ನು ಮನುಷ್ಯನ ಕಡೆಗೆ ಒಯ್ಯಬಾರದು. ಮನುಷ್ಯನನ್ನು ಬೆಕ್ಕಿನ ಕಡೆಗೆ ಬರಮಾಡಬೇಕು. ಇಷ್ಟು ಗೊತ್ತಾಗಲು ನಮಗೆ ಒಂದು ಬೆಕ್ಕು ಬೇಕಾಯಿತು.

ಎರಡನೆಯದು ಕೆಂಚಿ, ಈಗಲೂ ಇದೆ. ಹಿಂದಿನ ತಪ್ಪು ಆಗಬಾರದೆಂದು ಈ ಸಲ ಅದನ್ನು ಮನೆಯಲ್ಲಿಯೇ ಬಿಟ್ಟು, ಒಂದು ಬೋಗುಣಿ ಹಾಲು, ಒಂದು ಬಟ್ಟಲು ನೀರು, ಎರಡು ರೊಟ್ಟಿ ಇಟ್ಟು ಬೀಗ ಜಡಿದೆವು. ಒಂದೇ ರಾತ್ರಿಯಲ್ಲವೇ! ಅದು ಆಷಾಢದ ಮಳೆ. ಅಳ್ನಾವರದ ಹತ್ತಿರ ನಮ್ಮ ಭತ್ತದ ಹೊಲದ ಒಡ್ಡು ಒಡೆದಿದೆಯೆಂದು ಅಣ್ಣ ಕರೆಸಿದ್ದ. ಒಡ್ಡು ಕಟ್ಟಿದೆವು, ತಿರುಗಿ ಬರಲು ದಾರಿಯಿಲ್ಲ. ಘಟ್ಟದಲ್ಲಿ ಮರ ಉರುಳಿ ರಸ್ತೆ ನಿಂತಿತ್ತು. ಘಟ್ಟದ ಸಂಗತಿ ಓದುಗರಿಗೆ ಹೊಸದಲ್ಲ. 2021ರ ಜುಲೈ 23ರಂದು ದೂಧಸಾಗರದ ಹತ್ತಿರ ಗುಡ್ಡ ಕುಸಿದು ಪ್ರಯಾಣಿಕರಿದ್ದ ರೈಲೇ ಹಳಿ ತಪ್ಪಿತ್ತು. ಮಳೆಗಾಲದಲ್ಲಿ ಘಟ್ಟ ದಾಟಿ ಹೋಗುವವರು ಒಂದು ರಾತ್ರಿಯ ಲೆಕ್ಕ ಹಾಕಲೇಬಾರದು, ಮೂರು ರಾತ್ರಿಯ ಲೆಕ್ಕ ಹಾಕಬೇಕು.

ಮೂರು ರಾತ್ರಿ ಕಳೆದು ಬಾಗಿಲು ತೆರೆದಾಗ ಕಂಡುದನ್ನು ಬರೆಯಲು ನಾಚಿಕೆಯಾಗುತ್ತದೆ. ನೀರಿನ ಬಟ್ಟಲು ಮೊದಲ ರಾತ್ರಿಯೇ ಮಗುಚಿ ಬಿದ್ದಿರಬೇಕು, ನೆಲ ಒಣಗಿತ್ತು. ಹಾಲು ಒಡೆದು ಹುಳಿಯಾಗಿ ಇರುವೆ ಮುತ್ತಿದ್ದವು. ಕೆಂಚಿ ಜೋಳದ ಚೀಲದ ಹಿಂದೆ ಬಿದ್ದುಕೊಂಡಿತ್ತು. ಕರೆದರೆ ಕಿವಿ ಅಲ್ಲಾಡಿತು, ಏಳಲಾಗಲಿಲ್ಲ. ನೀರು ತೋರಿಸಿದರೆ ನೆಕ್ಕಿತು, ಊಟ ಮುಟ್ಟಲಿಲ್ಲ. ಪಶುವೈದ್ಯರು ನೋಡಿ, ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುವುದೆಂದೂ, ಆಮೇಲೆ ಅನ್ನ ಕಂಡರೂ ಅದಕ್ಕೆ ಬೇಡವಾಗುವುದೆಂದೂ ತಿಳಿಸಿದರು. ನಾಯಿ ನಾಲ್ಕು ದಿನ ಉಪವಾಸವಿದ್ದು ಎದ್ದೀತು, ಬೆಕ್ಕಿನ ದೇಹ ಹಾಗಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ ಹನಿ ಹನಿಯಾಗಿ ಹನ್ನೊಂದು ದಿನ ಉಣಿಸಿದೆವು. ಉಳಿಯಿತು. ಶಾಲೆಯಲ್ಲಿ ಮಕ್ಕಳಿಗೆ ಜೀವದಯೆಯ ಪಾಠ ಹೇಳುವ ಮಾಸ್ತರರ ಮನೆಯಲ್ಲಿ ಇದು ನಡೆಯಿತು.

ಅಂದು ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದ್ದರು: "ಇದಕ್ಕೆ ದಿನಾಲು ಏನು ಹಾಕುತ್ತೀರಿ?" ಹಾಲು, ರೊಟ್ಟಿ, ಅನ್ನ ಎಂದೆವು. ನಮ್ಮ ಮನೆಯಲ್ಲಿ ಮೀನು ಮಾಂಸ ಬೇಯುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿಯೆಂದೂ, ಟಾರಿನ್ ಎಂಬ ಸತ್ವ ಅದಕ್ಕೆ ಮಾಂಸ ಮೀನಿನಿಂದಲೇ ಸಿಗಬೇಕೆಂದೂ, ಅದಿಲ್ಲದಿದ್ದರೆ ಕಣ್ಣೂ ಗುಂಡಿಗೆಯೂ ಕೆಡುವುವೆಂದೂ ಹೇಳಿದರು. ಇಷ್ಟು ದಿನ ಕೆಂಚಿ ಬದುಕಿದ್ದುದು ನಮ್ಮ ಹಾಲಿನಿಂದಲ್ಲ, ತಾನೇ ಹಿಡಿದ ಇಲಿಯಿಂದ. ಬಾಗಿಲು ಹಾಕಿ ಕೂಡಿದ ದಿನ ಆ ದಾರಿಯೂ ಮುಚ್ಚಿತು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಪಚನವಾಗದು, ಹೊಟ್ಟೆ ಸಡಿಲಾಗುವುದು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದ ಕಥೆಯನ್ನು ನಾವು ವರ್ಷಕ್ಕೊಮ್ಮೆ ಹೇಳಿ ಮಕ್ಕಳನ್ನು ನಗಿಸುವೆವು. ಆ ಬೆಕ್ಕು ಸೊರಗಿದ್ದುದು ಹಾಲು ಕುಡಿಯದೆ ಅಲ್ಲ, ಅರಮನೆಯ ಊರಲ್ಲಿ ಇಲಿ ಸಿಗದೆ ಇದ್ದೀತು.

ಹೀಗೆ ನಾವು ಪಕ್ಕದ ಮನೆಯ ಬಾಯಿಯ ಬಾಗಿಲಿಗೆ ಹೋದೆವು. ಅವರು ಗೋವೆಯವರು, ಕ್ರಿಸ್ತರು, ವಯಸ್ಸಾದವರು. ಐದು ಕೋಳಿ ಸಾಕಿದ್ದಾರೆ. ನಮ್ಮ ಮನೆಯವರು, "ಬಾಯಿ, ನಾವು ಒಂದು ರಾತ್ರಿ ಊರಿಗೆ ಹೋಗಿ ಬರತೇವಿ, ನಮ್ಮ ಕೆಂಚೀನ್ನ ಅಷ್ಟು ನೋಡಕೋತೀರೇನ್ರಿ?" ಎಂದು ಸಂಕೋಚದಿಂದ ಕೇಳಿದರು. ಬಾಯಿ ನಕ್ಕುಬಿಟ್ಟರು. ಕೆಂಚಿ ಎರಡು ವರ್ಷದಿಂದ ದಿನಾಲು ಮಧ್ಯಾಹ್ನ ಅವರ ಅಡಿಗೆಮನೆಯಲ್ಲಿ ಮೀನಿನ ತಲೆ ತಿಂದು ಬರುತ್ತಿತ್ತಂತೆ. ನಮಗೆ ಬೇಸರವಾದೀತೆಂದು ಅವರು ಹೇಳಿರಲಿಲ್ಲ.

ನಾವು ತರಬೇತಿ ಪಡೆದ ಮಾಸ್ತರರು. ಪಾಠದ ಟಿಪ್ಪಣಿ ಬರೆಯದೆ ತರಗತಿಗೆ ಕಾಲಿಡಬಾರದೆಂದು ಕಲಿತವರು. ಬೆಕ್ಕಿಗೆ ಏನು ಹಾಕಬೇಕು, ಯಾವಾಗ ಹಾಕಬೇಕು ಎಂದು ಹದಿನಾಲ್ಕು ಸೂಚನೆಗಳನ್ನು ದುಂಡಗೆ ಬರೆದು ಬಾಯಿಯ ಕೈಯಲ್ಲಿ ಕೊಟ್ಟೆವು. ಕನ್ನಡದಲ್ಲಿ! ಅವರು ಓದುವುದು ರೋಮಿ ಲಿಪಿಯ ಕೊಂಕಣಿ. ತಿರುಗಿ ಬಂದು ನೋಡಿದರೆ ನಮ್ಮ ಟಿಪ್ಪಣಿ ಬೆಕ್ಕಿನ ಬಟ್ಟಲಿನ ಮುಚ್ಚಳವಾಗಿತ್ತು. ಹೇಳಿದ್ದಕ್ಕಿಂತ ಮಾಡಿ ತೋರಿಸಿದ್ದು ನಿಲ್ಲುವುದೆಂಬ ತರಬೇತಿಯ ಪಾಠ ಆಗ ನೆನಪಾಯಿತು. ಮುಂದಿನ ಸಲ ಹೊರಡುವ ನಾಲ್ಕು ದಿನ ಮೊದಲೇ ಬಾಯಿಗೆ ಕೀಲಿ ಕೊಟ್ಟು, ನಾವು ಮನೆಯಲ್ಲಿರುವಾಗಲೇ ಎರಡು ಹೊತ್ತು ಅವರ ಕೈಯಿಂದಲೇ ಉಣಿಸಿದೆವು. ಬೀಗ ಬಿಗಿ ಇತ್ತು, ಎಣ್ಣೆ ಬಿಡಬೇಕಾಯಿತು. ಇಂಥ ಸಣ್ಣ ಸಂಗತಿ ನಾವು ಹೋದ ಮೇಲೆ ಗೊತ್ತಾಗಿದ್ದರೆ ಏನು ಗತಿ?

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಆಹಾರ ಸಾಕು. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ತಿಂಡಿಯಾದರೆ 50-60 ಗ್ರಾಂ. ಅದರಲ್ಲಿ ಟಾರಿನ್ ಬೆರೆಸಿಯೇ ಇರುವುದು, ರಾತ್ರಿಯಿಡೀ ಬಟ್ಟಲಲ್ಲಿಟ್ಟರೂ ಹಳಸದು. ಶಾಕಾಹಾರಿ ಮನೆಯವರಿಗೂ ಇದು ಅನುಕೂಲ. ಮೀನು ಹಾಕುವವರು ಬೇಯಿಸಿಯೇ ಹಾಕತಕ್ಕದ್ದು. ತಾರ್ಲೆಯಂಥ ಮೀನನ್ನು ಹಸಿಯಾಗಿ ದಿನವೂ ಕೊಟ್ಟರೆ ಬಿ-1 ಜೀವಸತ್ವ ನಾಶವಾಗುವುದು. ಮುಳ್ಳು ತೆಗೆಯಬೇಕು. ಉಪ್ಪು ಖಾರ ಬೇಡ; ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿದ ಸಾರಂತೂ ಬೇಡವೇ ಬೇಡ, ಅದು ಬೆಕ್ಕಿನ ರಕ್ತವನ್ನು ಕೆಡಿಸುವುದು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಹಸಿಮೀನು ತುಟ್ಟಿಯಾಗುವುದು. ಆಗ ಬಾಯಿ ಒಣಮೀನು ಹಾಕಲು ಹೊರಟಿದ್ದರು. ಅದರ ಉಪ್ಪು ಬೆಕ್ಕಿಗೆ ಆಗದು, ಬೇಯಿಸಿದ ಮೊಟ್ಟೆ ಹಾಕಿರೆಂದು ಕೇಳಿಕೊಂಡೆವು. ಬಟ್ಟಲಿಗೆ ಇರುವೆ ಬಾರದಂತೆ, ನೀರು ತುಂಬಿದ ತಾಟಿನ ನಡುವೆ ಅದನ್ನು ಇಟ್ಟರಾಯಿತು. ಕುಡಿಯುವ ನೀರನ್ನು ಎರಡು ಕಡೆ, ಮಗುಚದಂಥ ಭಾರವಾದ ಮಣ್ಣಿನ ಪಾತ್ರೆಯಲ್ಲಿ ಇಡಬೇಕು. ದೊಡ್ಡ ಡ್ರಮ್ಮುಗಳಿಗೆ ಮುಚ್ಚಳ ಹಾಕಿರಬೇಕು.

ಮೀನಿನ ಮಾತು ಬಂದಾಗ ನಮ್ಮ ಮನೆಯಲ್ಲಿ ಎರಡು ದಿನ ಮುನಿಸು ನಡೆಯಿತು. ಮನೆಯೊಳಗೆ ಮೀನು ಬರಬಾರದೆಂದು ನಮ್ಮ ಮನೆಯವರು. ಬೆಕ್ಕು ಒಳಗೇ ತಿನ್ನಬೇಕಲ್ಲ ಎಂದು ನಾವು. ಕೊನೆಗೆ ಅವರೇ ದಾರಿ ಕಂಡರು. ಬೆಕ್ಕಿನ ತಾಟು ಬಾಯಿಯ ಮನೆಯದು, ಇಡುವುದು ಪಡಸಾಲೆಯ ಮೂಲೆಯಲ್ಲಿ, ತಿಂದಾದ ಮೇಲೆ ತೊಳೆಯಲು ಒಯ್ಯುವುದೂ ಬಾಯಿಯೇ. "ಅದರ ಹೊಟ್ಟೀಧರ್ಮ ಅದಕ್ಕ" ಎಂದು ಹೇಳಿ ಮಾತು ಮುಗಿಸಿದರು. ಇಂಥ ತೊಡಕು ಅನೇಕರ ಮನೆಯಲ್ಲಿ ಇದ್ದೀತೆಂದು ಇದನ್ನು ಮರೆಮಾಚದೆ ಬರೆದೆವು.

ಹೊಲಸಿನ ತಟ್ಟೆಗೆ ಒಣಮರಳು ಇಲ್ಲವೆ ಕಟ್ಟಿಗೆಯ ಹೊಟ್ಟು ಹಾಕಿಡಬೇಕು, ದಿನಕ್ಕೊಮ್ಮೆ ತೆಗೆಯಬೇಕು. ಬೆಕ್ಕಿನ ಹೊಲಸಿನಲ್ಲಿ ಬರುವ ಒಂದು ಸೂಕ್ಷ್ಮಜೀವಿ ಗರ್ಭಿಣಿಯರಿಗೆ ಅಪಾಯಕರ. ಅದು ಹೊರಬಿದ್ದು ಒಂದರಿಂದ ಐದು ದಿನದ ಮೇಲೆಯೇ ಸೋಂಕು ಹರಡುವುದರಿಂದ ಪ್ರತಿದಿನ ತೆಗೆದರೆ ಭಯ ಕಡಿಮೆ. ಬಾಯಿಯ ಸೊಸೆ ಬಸುರಿಯಿದ್ದಾಗ ಆ ಕೆಲಸಕ್ಕೆ ಅವರ ಮಗನನ್ನೇ ಒಪ್ಪಿಸಿದ್ದೆವು. ನೆಲ ಒರೆಸಲು ಫಿನೈಲು ಬಳಸಬಾರದೆಂದೂ ಹೇಳಿದೆವು. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುವುದರಿಂದ ಅದು ಹೊಟ್ಟೆಗೆ ಹೋಗುವುದು.

ವಿಷದ ಮಾತನ್ನು ಮಾತ್ರ ಓದುಗರು ಗಮನವಿಟ್ಟು ಓದಬೇಕೆಂದು ಬೇಡುತ್ತೇವೆ. ಬೆಕ್ಕು ಮನೆಯಲ್ಲಿಲ್ಲ, ಮಾಲಕರೂ ಊರಲ್ಲಿಲ್ಲ, ಇಲಿಪಾಷಾಣ ಇಡಲು ಇದೇ ಸಮಯವೆಂದು ಸಾಲುಮನೆಯಲ್ಲಿ ಯಾರಿಗಾದರೂ ತೋಚುವುದುಂಟು. ಬ್ರೋಮಾಡಿಯೋಲೋನ್ ಮೊದಲಾದ ಪಾಷಾಣ ತಿಂದ ಇಲಿ ಕೂಡಲೇ ಸಾಯದು. ಮೂರು ನಾಲ್ಕು ದಿನ ಮಂಕಾಗಿ ತಿರುಗುವುದು, ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಕ್ಕುವುದು, ಆ ವಿಷ ಬೆಕ್ಕಿಗೂ ಇಳಿಯುವುದು. ಆದ್ದರಿಂದ ಊರಿಗೆ ಹೋಗುವ ಮೊದಲು ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ ಹೋಗುವುದು ಲೇಸು.

ಇದಕ್ಕಿಂತ ಘೋರವಾದುದು ಕಾಳಿನ ಚೀಲಕ್ಕೆ ಹಾಕುವ ಗುಳಿಗೆ. ಒಂದು ವರ್ಷ ನಮ್ಮ ಜೋಳಕ್ಕೆ ನುಸಿ ಹತ್ತಿತ್ತು. ಹೇಗೂ ಎರಡು ದಿನ ಮನೆ ಮುಚ್ಚಿರುತ್ತದೆ, ಚೀಲಕ್ಕೊಂದು ಗುಳಿಗೆ ಹಾಕಿ ಹೋಗಿರಿ ಎಂದು ಬಲ್ಲವರೊಬ್ಬರು ಬುದ್ಧಿ ಹೇಳಿದರು. ನಾವೂ ತಲೆಯಾಡಿಸಿದ್ದೆವು. ಅಲ್ಯುಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಗಾಳಿಯನ್ನು ಬಿಡುವುದು. ಒಳಗಿದ್ದ ಬೆಕ್ಕು ಸಾಯುವುದಿರಲಿ, ಗೋಡೆಗೆ ಗೋಡೆ ತಾಗಿ ಒಂದೇ ಹಂಚಿನಡಿ ಇರುವ ಮನೆಗಳಲ್ಲಿ ಆ ಗಾಳಿ ಮಲಗಿದ್ದ ಮಕ್ಕಳ ಮೂಗಿಗೂ ಹೋಗುವುದು. ಅದರಿಂದ ಮನುಷ್ಯರು ಸತ್ತಿರುವರು. ಉಗ್ರಾಣಗಳಲ್ಲಿ, ಬಲ್ಲವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸತಕ್ಕ ವಸ್ತುವದು. ವಾಸದ ಮನೆಗೆ ಎಂದಿಗೂ ತರಬಾರದು. ಆ ದಿನ ನಮ್ಮನ್ನು ತಡೆದುದು ಜಾಣತನವಲ್ಲ. ಕೆಂಚಿ ಚೀಲದ ಮೇಲೆ ಮಲಗಿತ್ತು, ಎಬ್ಬಿಸಲು ಮನಸ್ಸಾಗದೆ ನಾಳೆ ನೋಡೋಣವೆಂದು ಬಿಟ್ಟೆವು. ಮರುದಿನ ಶಾಲೆಯ ಗೆಳೆಯರೊಬ್ಬರು ಕೇಳಿ ಗಾಬರಿಯಾಗಿ ತಿಳಿಹೇಳಿದರು. ನಡುಗೋಡೆಯ ಆಚೆ ಬಾಯಿಯ ಸೊಸೆ, ಆಗ ತಾನೇ ಹುಟ್ಟಿದ ಕೂಸಿನೊಡನೆ ಮಲಗುತ್ತಿದ್ದಳು. ಜೋಳವನ್ನು ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಬೇವಿನ ಎಲೆ ಬೆರೆಸಿ ಚೀಲ ಕಟ್ಟಿದೆವು. ಅರ್ಧ ಪಾಯಲಿ ಹೋಯಿತು, ಹೋಗಲಿ.

ಬೆಕ್ಕನ್ನು ಮತ್ತೊಬ್ಬರಿಗೆ ಒಪ್ಪಿಸುವವರು ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕಾದುದು ಕರ್ತವ್ಯ. ಮಾಲಕರಿಲ್ಲದಾಗ ಗಾಬರಿಗೊಂಡ ಬೆಕ್ಕು ಪರಚುವುದು, ಕಚ್ಚುವುದು ಸಹಜ. ನಾಯಿಗಳಿಗೆ ಮನೆಮನೆಗೆ, ಬೀದಿಬೀದಿಗೆ ಹೋಗಿ ಲಸಿಕೆ ಹಾಕಿ, ಗೋವೆ 2021ರಲ್ಲಿ ಈ ರೋಗ ಹತೋಟಿಯಲ್ಲಿರುವ ರಾಜ್ಯವೆಂದು ಘೋಷಿಸಿಕೊಂಡಿತು. ಹತೋಟಿ ಎಂದರೆ ಇಲ್ಲವೆಂದಲ್ಲ. ಬೆಕ್ಕಿಗೂ ಇದು ತಗಲುವುದು. ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಅದೇ ದಿನ ದವಾಖಾನೆಗೆ ಹೋಗಬೇಕು, ಸುಣ್ಣ ಅರಿಸಿನ ಹಚ್ಚಿ ಕೂಡಬಾರದು. ಬೆಕ್ಕಿಗೆ ಮೈ ಬೆಚ್ಚಗಾಯಿತೆಂದು ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಕೊಡಬಾರದು. ಅದು ಬೆಕ್ಕಿಗೆ ವಿಷವೇ. ಅದು ಚೀಲದ ಹಿಂದೆ ಅಡಗಿದ್ದರೆ ಎಳೆಯಬೇಡಿರೆಂದೂ ಬಾಯಿಗೆ ಹೇಳಿದ್ದೇವೆ. ಊಟ ಇಟ್ಟು, ಎರಡು ಮಾತಾಡಿ, ಸುಮ್ಮನೆ ಕೂತರೆ ತಾನೇ ಬರುವುದು. ಒಂದು ದಿನ ಪೂರ್ತಿ ಮುಟ್ಟದಿದ್ದರೆ ನಮಗೆ ಫೋನು ಮಾಡಬೇಕು.

ಇದಕ್ಕೆಲ್ಲ ಬಾಯಿಗೆ ಏನು ಕೊಡುವುದು? ಮೊದಲ ಸಲ ನೂರು ರೂಪಾಯಿ ಮುಂದೆ ಹಿಡಿದೆವು. ಅವರ ಮುಖ ಕಂಡು ಕೈ ಹಿಂದಕ್ಕೆ ಬಂತು. ಡಿಸೆಂಬರ್ 3ರಂದು ಹಳೇ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಅವರು ಹೋದಾಗ ಕೋಳಿಗಳನ್ನು ಈಗ ನಾವು ನೋಡಿಕೊಳ್ಳುತ್ತೇವೆ. ಸಂಜೆ ಗೂಡಿಗೆ ಸೇರಿಸಿ ಎಣಿಸಬೇಕು, ಬೆಳಿಗ್ಗೆ ನುಚ್ಚು ಹಾಕಬೇಕು. ಒಮ್ಮೆ ನಾಲ್ಕೇ ಇದ್ದವು. ಬ್ಯಾಟರಿ ಹಿಡಿದು ಗುಡ್ಡವೆಲ್ಲ ಹುಡುಕಿದರೆ ಐದನೆಯದು ನಮ್ಮದೇ ಪಡಸಾಲೆಯಲ್ಲಿ, ಕೆಂಚಿಯ ತಾಟಿನ ಮೇಲೆ ಕೂತಿತ್ತು. ಕೆಂಚಿ ಎದುರಿಗೆ ಕುಳಿತು ನೋಡುತ್ತಿತ್ತು.

ಬರುವ ಶನಿವಾರ ನಾವು ಬಿತ್ತನೆಗೆ ಹೊರಡುತ್ತೇವೆ. ಕೀಲಿ ಆಗಲೇ ಬಾಯಿಯ ಅಡಿಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಒಣ ತಿಂಡಿ ಮೂರು ರಾತ್ರಿಗೆ ಆಗುವಷ್ಟು ತೂಗಿ ಡಬ್ಬಿಯಲ್ಲಿ ತುಂಬಿದ್ದೇವೆ. ಕೂಸು ಈಗ ಅಂಬೆಗಾಲಿಡುತ್ತಿರುವುದರಿಂದ ಬೆಕ್ಕಿನ ಬಟ್ಟಲು ಕಿಟಕಿಯ ಕಟ್ಟೆಗೆ ಏರಿದೆ. ಬಾಯಿ ಈ ಸಲ ಸಂಕೋಚ ಬಿಟ್ಟು ಒಂದು ಮಾತು ಹೇಳಿದ್ದಾರೆ: "ಮಾಸ್ತರ, ಬರುವಾಗ ಧಾರವಾಡದ ಫೇಡೆ ಮರೀಬೇಡಿ."